ಟ್ಯಾಪೆಸ್ಟ್ರಿಯ ಬೆನ್ನು ನೋಡದೆ ಲೇಬಲ್ ಬರೆಯಬೇಡಿ

ಮ್ಯೂಸಿಯಂನ ಜವಳಿ ವಿಭಾಗಕ್ಕೆ ಹೊಸದಾಗಿ ಬಂದವರು ಮಧ್ಯಯುಗದ ಯುರೋಪಿನ ಟ್ಯಾಪೆಸ್ಟ್ರಿ, ಅಂದರೆ ಬಣ್ಣದ ದಾರದಲ್ಲೇ ಚಿತ್ರ ನೇಯ್ದು ಗೋಡೆಗೆ ತೂಗುವ ಬಟ್ಟೆಯ ಬಗ್ಗೆ ಬರೆಯುವ ಮೊದಲ ಟಿಪ್ಪಣಿಯಲ್ಲಿ ಈ ಅರ್ಥದ ಸಾಲೊಂದು ನುಸುಳಿಬಿಡುತ್ತದೆ: ಕಲಾವಿದ ಕಾಡನ್ನು ಕನಸಿನಂತೆ ನೀಲಿಯಾಗಿ ಚಿತ್ರಿಸಿದ್ದಾನೆ. ಕನಸು ಗಿನಸು ಏನಿಲ್ಲ. ಮಗ್ಗದಿಂದ ಇಳಿದ ದಿನ ಆ ಕಾಡು ಹಚ್ಚ ಹಸಿರಾಗಿತ್ತು.

ಆ ಕಾಲದ ಬಣ್ಣಗಾರರು ಉಣ್ಣೆಗೆ ಹಸಿರು ಹಿಡಿಸುತ್ತಿದ್ದುದು ಎರಡು ಹಂತದಲ್ಲಿ. ವೋಡ್ ಎಂಬ ಗಿಡದ ತೊಟ್ಟಿಯಲ್ಲಿ ಅದ್ದಿ ನೀಲಿ ಮಾಡುವುದು, ಪಟಿಕ ಹಿಡಿಸಿ ವೆಲ್ಡ್ ಗಿಡದ ಹಳದಿಯನ್ನು ಅದರ ಜೊತೆ ಏರಿಸುವುದು. ವೋಡ್‌ನಲ್ಲಿರುವುದು ನಮ್ಮ ನೀಲಿಗಿಡದಲ್ಲಿರುವ ಅದೇ ಬಣ್ಣ, ಉಣ್ಣೆಯ ಮೇಲೆ ಬೆಳಕಿಗೆ ಸುಲಭವಾಗಿ ಬಗ್ಗುವುದಿಲ್ಲ. ವೆಲ್ಡ್ ಬಗ್ಗುತ್ತದೆ. ಐನೂರು ವರ್ಷದ ಬೆಳಕಿಗೆ ಹಳದಿ ಹಾರಿಹೋಗಿ ನೀಲಿ ಉಳಿದುಕೊಂಡಿದೆ. ಕೆಂಪು ಮ್ಯಾಡರ್ ಬೇರಿನದು, ನಮ್ಮ ಮಂಜಿಷ್ಠದ ಹತ್ತಿರದ ನೆಂಟ. ಅದೂ ಸಾಕಷ್ಟು ತಾಳುತ್ತದೆ. ಇವತ್ತು ಗೋಡೆಯ ಮೇಲೆ ಕಾಣುವ ಕೆಂಪು ನೀಲಿಗಳ ಗಾಂಭೀರ್ಯದಲ್ಲಿ ಅರ್ಧ ಪಾಲು ಕಾಲ ಮಾಡಿದ ಕೆಲಸ.

ಗಾಢ ಕಂದು, ಕಪ್ಪಿನದು ಬೇರೆ ಪಾಡು. ಟ್ಯಾನಿನ್ (ತೊಗಟೆ, ಕಾಯಿಗಳ ಒಗರು) ಜೊತೆ ಕಬ್ಬಿಣ ಸೇರಿಸಿ ತೆಗೆದ ಬಣ್ಣ ದಾರವನ್ನೇ ತಿಂದುಹಾಕುತ್ತದೆ. ಮೂಗಿನ ಅಂಚು, ಹುಬ್ಬು, ಬಟ್ಟೆಯ ಮಡಿಕೆ, ಅಕ್ಷರದ ಹೊರಗೆರೆ, ಹೀಗೆ ಚಿತ್ರಕ್ಕೆ ಆಕಾರ ಕೊಡುವ ಗೆರೆಗಳೇ ಮೊದಲು ಉದುರುತ್ತವೆ, ರಿಪೇರಿಯೂ ಅಲ್ಲೇ ಹೆಚ್ಚು. "ಶೋಕತಪ್ತ ಮುಖಭಾವ" ಎಂದು ಬರೆಯುವ ಮೊದಲು ಆ ಹುಬ್ಬು 1480ರದ್ದೋ 1890ರದ್ದೋ ನೋಡಿಕೊಳ್ಳಬೇಕು.

ನೋಡುವುದು ಹಿಂಬದಿಯಿಂದ. ಸಂರಕ್ಷಕರು ಲೈನಿಂಗ್‌ನ ಕೆಳ ಅಂಚಿನ ಹೊಲಿಗೆಯನ್ನು ಒಂದೆರಡು ಗೇಣು ಬಿಚ್ಚಿಕೊಟ್ಟರೆ ಸಾಕು. ಬೆಳಕು ಕಾಣದ ಆ ಬೆನ್ನಿನಲ್ಲಿ ಹಸಿರು ಇನ್ನೂ ಹಸಿರಾಗಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಮೂರು ಸಂಗತಿ ಗುರುತು ಹಾಕಿಕೊಳ್ಳಿ: ಹಾಸಿನ ಎಳೆ (ಮಗ್ಗಕ್ಕೆ ಬಿಗಿದ ಉದ್ದ ದಾರ; ಅದಕ್ಕೆ ಅಡ್ಡ ಸೇರಿಸುವುದು ಹೊಕ್ಕು) ಎಲ್ಲಿ ಬಣ್ಣ ಅಥವಾ ಹುರಿ ಬದಲಿಸಿದೆ, ಗಂಟುಗಳು ಎಲ್ಲಿ ದಟ್ಟವಾಗಿವೆ, ಮುಂದಿನ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಎಲ್ಲಿ ವ್ಯತ್ಯಾಸವೇ ಇಲ್ಲ. ಮೂರನೆಯದು ಅನುಮಾನದ ಜಾಗ. ಬೇಗ ಮಾಸುವ ಬಣ್ಣ ಹಿಂದೆ ಮುಂದೆ ಒಂದೇ ಥರ ಇದ್ದರೆ ಅದು ಇತ್ತೀಚಿನ ದಾರ ಇರಬಹುದು. ಕತ್ತಲೆ ಮಾಡಿ ಯುವಿ ಟಾರ್ಚ್ ಹಿಡಿದರೆ ಆಧುನಿಕ ಬಣ್ಣದ ತೇಪೆಗಳು ಹಲವು ಸಲ ತಾವಾಗಿಯೇ ಬೇರೆ ಹೊಳಪಿನಲ್ಲಿ ಎದ್ದು ಕಾಣುತ್ತವೆ. ಹಾಸಿನ ಎಳೆಗಳನ್ನು ಒಂದು ಸೆಂ.ಮೀ.ಗೆ ಎಣಿಸಬೇಡಿ. ಐದು ಬೇರೆ ಬೇರೆ ಕಡೆ, ಪ್ರತಿ ಕಡೆ 5 ಸೆಂ.ಮೀ. ಉದ್ದಕ್ಕೆ ಎಣಿಸಿ ಭಾಗಿಸಿ. ಮಧ್ಯಯುಗದ ಕೆಲಸದಲ್ಲಿ ಸಾಮಾನ್ಯವಾಗಿ ಸೆಂ.ಮೀ.ಗೆ 5ರಿಂದ 8 ಬರುತ್ತದೆ. ಒಂದೇ ಬಟ್ಟೆಯಲ್ಲಿ ಒಂದು ಮೂಲೆ 5, ಇನ್ನೊಂದು ಮೂಲೆ 7 ಬಂದರೆ ಎರಡು ತುಂಡು ಸೇರಿಸಿ ಹೊಲಿದಿದ್ದಾರೋ ಎಂದು ಹುಡುಕಬೇಕು.

ಇಲ್ಲೇ ಒಂದು ಮಾತು. ಬಾಯೂ ಟ್ಯಾಪೆಸ್ಟ್ರಿ ಎಂದು ಎಲ್ಲರೂ ಕರೆಯುವುದು ಟ್ಯಾಪೆಸ್ಟ್ರಿಯೇ ಅಲ್ಲ. 1066ರ ನಾರ್ಮನ್ ದಂಡಯಾತ್ರೆಯ ಆ ಸುಮಾರು 70 ಮೀಟರ್ ಉದ್ದದ ಪಟ್ಟಿ ಲಿನನ್ ಬಟ್ಟೆಯ ಮೇಲೆ ಉಣ್ಣೆದಾರದಲ್ಲಿ ಹಾಕಿದ ಕಸೂತಿ. ಟ್ಯಾಪೆಸ್ಟ್ರಿಯಲ್ಲಿ ಬಟ್ಟೆ ಬೇರೆ, ಚಿತ್ರ ಬೇರೆ ಎಂದಿಲ್ಲ. ಬಣ್ಣದ ಹೊಕ್ಕು ಆ ಕಡೆಯಿಂದ ಈ ಕಡೆವರೆಗೆ ಹೋಗದೆ ತನ್ನ ಬಣ್ಣದ ಗಡಿ ಬಂದಲ್ಲಿ ಹಿಂದಿರುಗುತ್ತದೆ. ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ಪೈಠಣಿ ಸೀರೆಯ ಸೆರಗಿನ ನವಿಲನ್ನೋ ನವಲಗುಂದದ ಜಮಖಾನೆಯನ್ನೋ ಹತ್ತಿರದಿಂದ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಯುರೋಪಿನವರು ಮಾಡಿದ್ದ ಇನ್ನೊಂದು ಏರ್ಪಾಡು ಮಾತ್ರ ಗಮನಿಸಬೇಕಾದ್ದು: ಚಿತ್ರವನ್ನು ಅಡ್ಡ ಮಲಗಿಸಿ ನೇಯುತ್ತಿದ್ದರು. ಹತ್ತು ಮೀಟರ್ ಅಗಲದ ಮಗ್ಗ ಬೇಕಾಗಬಾರದು, ನಿಂತ ಮನುಷ್ಯರ ಉದ್ದನೆಯ ಬಟ್ಟೆಯ ಮಡಿಕೆಗಳಿಗೆ ಬಣ್ಣ ಬೆರೆಸುವುದೂ ಸುಲಭವಾಗಬೇಕು. ಹಾಗಾಗಿ ಗೋಡೆಗೆ ತೂಗಿದಾಗ ಹಾಸು ನೆಲಕ್ಕೆ ಸಮಾನಾಂತರವಾಗಿ ಮಲಗುತ್ತದೆ, ಗಟ್ಟಿ ಹಾಸು ಹೊರಬೇಕಾದ ಭಾರವೆಲ್ಲ ಮೆತ್ತನೆ ಹೊಕ್ಕಿನ ಮೇಲೆ ಬೀಳುತ್ತದೆ. ಎರಡು ಬಣ್ಣ ಹಾಸಿನ ಗುಂಟ ಸಂಧಿಸುವಲ್ಲಿ ಉಳಿಯುವ ಸೀಳುಗಳೂ ಅಡ್ಡಡ್ಡಲಾಗಿ ಬಾಯಿ ಬಿಡುತ್ತವೆ. ಅವನ್ನು ಹೊಲಿದ ದಾರ ಕಡಿದರೆ ಒಂದು ಸೀಳಿನ ಭಾರ ಪಕ್ಕದ್ದಕ್ಕೆ, ಅದರದ್ದು ಇನ್ನೊಂದಕ್ಕೆ. ಬೆಳಕಿನ ಏಟಿಗೆ ಉಣ್ಣೆಗಿಂತ ಬೇಗ ಪುಡಿಯಾಗುವುದು ರೇಷ್ಮೆ. ರೇಷ್ಮೆ ಬಳಸಿದ್ದು ಆಕಾಶ, ಮುಖ, ಹೊಳೆಯುವ ಬಟ್ಟೆಗೆ. ದೊಡ್ಡ ಹರಕುಗಳನ್ನು ಮೊದಲು ಹುಡುಕಬೇಕಾದ್ದು ಅಲ್ಲೇ.

ನೇಕಾರ ಬಟ್ಟೆಯ ಹಿಂಬದಿಯಿಂದ ನೇಯುತ್ತಾನೆ. ಮಲಗಿದ ಮಗ್ಗದಲ್ಲಿ ಕಾರ್ಟೂನ್, ಅಂದರೆ ಪೂರ್ಣ ಗಾತ್ರದ ನಕ್ಷೆ, ಹಾಸಿನ ಕೆಳಗೇ ಇರುವುದರಿಂದ ಚಿತ್ರ ಕನ್ನಡಿಯಂತೆ ತಿರುಗುತ್ತದೆ. ಇಡೀ ಸೈನ್ಯ ಎಡಗೈಯಲ್ಲಿ ಕತ್ತಿ ಹಿಡಿದಿದ್ದರೆ ನಕ್ಷೆಯನ್ನು ಮೊದಲೇ ತಿರುಗಿಸಿಕೊಂಡಿರಲಿಲ್ಲ ಎಂದು ಅರ್ಥ. ಆದರೆ ಸಿದ್ಧವಾದ ಬಟ್ಟೆಯನ್ನಷ್ಟೇ ನೋಡಿ ನಿಂತ ಮಗ್ಗವೋ ಮಲಗಿದ ಮಗ್ಗವೋ ಎಂದು ಖಚಿತವಾಗಿ ಹೇಳಲಾಗದು. ಹಳೆಯ ಲೇಬಲ್‌ಗಳಲ್ಲಿ ನಿಂತ ಮಗ್ಗದ್ದು ಎಂಬ ಹೆಮ್ಮೆಯ ಮಾತು ಕಂಡರೆ ನಕಲು ಮಾಡಬೇಡಿ.

ಹೆಸರುಗಳಲ್ಲಿ ಆಗುವ ತಪ್ಪುಗಳಿಗೆ ಲೆಕ್ಕವಿಲ್ಲ. ಈಗಿನ ಉತ್ತರ ಫ್ರಾನ್ಸಿನ ಆರಾಸ್ ಪಟ್ಟಣ 14ನೇ ಶತಮಾನದಲ್ಲಿ ಎಷ್ಟು ಹೆಸರು ಮಾಡಿತೆಂದರೆ ಇಟಲಿಯಲ್ಲಿ ಟ್ಯಾಪೆಸ್ಟ್ರಿಗೆ ಇಂದಿಗೂ ಅರಾತ್ಸೋ ಎನ್ನುತ್ತಾರೆ, ಇಂಗ್ಲಿಷಿನಲ್ಲೂ ಪಟ್ಟಣದ ಹೆಸರೇ ಬಟ್ಟೆಯ ಹೆಸರಾಯಿತು. ಹಳೆಯ ದಾಸ್ತಾನು ಪಟ್ಟಿಯಲ್ಲಿ "ಆರಾಸ್" ಎಂದಿದ್ದರೆ ಆರಾಸ್‌ನಲ್ಲೇ ನೇಯ್ದದ್ದು ಎನ್ನಲು ಅದಷ್ಟೇ ಸಾಲದು. 1477ರಲ್ಲಿ ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿ ಆ ಪಟ್ಟಣವನ್ನು ವಶಪಡಿಸಿಕೊಂಡು, ಎರಡು ವರ್ಷದಲ್ಲಿ ನಿವಾಸಿಗಳನ್ನೇ ಹೊರಗಟ್ಟಿದ. ಅಷ್ಟರಲ್ಲಾಗಲೇ ಈಗಿನ ಬೆಲ್ಜಿಯಂನ ಟೂರ್ನೆ ಪಟ್ಟಣ ಮುಂದಿತ್ತು, ಬ್ರಸೆಲ್ಸ್ ಮೇಲೇರುತ್ತಿತ್ತು. ಇನ್ನು ದಾಖಲೆಯಲ್ಲಿ ದುಡ್ಡು ಪಡೆದವನ ಹೆಸರು ಸಿಕ್ಕ ಕೂಡಲೇ "ನೇಕಾರ" ಎಂದು ಬರೆಯುವ ಚಾಳಿ. ಪ್ಯಾರಿಸಿನ ನಿಕೋಲಾ ಬತಾಯ್, ಟೂರ್ನೆಯ ಪಾಸ್ಕಿಯೇ ಗ್ರೆನಿಯೆ ಇಬ್ಬರೂ ದೊಡ್ಡ ವರ್ತಕರು. ಬಂಡವಾಳ, ನಕ್ಷೆ, ಗಿರಾಕಿ ಎಲ್ಲವನ್ನೂ ಕೂಡಿಸಿದವರು. ಮಗ್ಗದ ಮುಂದೆ ಕೂತವರ ಹೆಸರು ಬಹುತೇಕ ಉಳಿದೇ ಇಲ್ಲ. ಒಬ್ಬ ನುರಿತ ನೇಕಾರ ತಿಂಗಳಿಗೆ ಒಂದು ಚದರ ಮೀಟರ್ ಮುಟ್ಟುವುದೇ ಕಷ್ಟವಿದ್ದ ಕೆಲಸ ಅದು. ನಮೂದಿನಲ್ಲಿ ಚಿತ್ರ ಬರೆದವನು, ಕಾರ್ಟೂನ್ ಮಾಡಿದವನು, ಒದಗಿಸಿದವನು, ನೇಯ್ದವನು ಎಂದು ನಾಲ್ಕು ಕಾಲಂ ಇರಲಿ. ಮೂರು ಖಾಲಿ ಉಳಿದರೂ ಪರವಾಗಿಲ್ಲ.

ಫ್ರಾನ್ಸಿನ ಆಂಜೆ ಪಟ್ಟಣದ ಅಪೊಕ್ಯಾಲಿಪ್ಸ್ (ಬೈಬಲ್ಲಿನ ಲೋಕಾಂತ್ಯದ ಕಥೆ) ಟ್ಯಾಪೆಸ್ಟ್ರಿಯನ್ನು ಈ ಕಾಲಂಗಳಲ್ಲಿ ತುಂಬಿ ನೋಡಿ. ಬೇಡಿಕೆ ಆಂಜೂವಿನ ಡ್ಯೂಕ್ ಒಂದನೇ ಲೂಯಿಯದು, 1370ರ ದಶಕ. ಚಿತ್ರ ಬ್ರೂಜ್‌ನ ಜಾನ್ ಬೊಂಡೋಲ್‌ದು. ಮಾದರಿಗೆ ಸಚಿತ್ರ ಹಸ್ತಪ್ರತಿಗಳಿದ್ದವು. ಡ್ಯೂಕನ ಅಣ್ಣ, ಫ್ರಾನ್ಸಿನ ದೊರೆ ಐದನೇ ಚಾರ್ಲ್ಸ್ ತನ್ನ ಗ್ರಂಥಾಲಯದಿಂದ ಒಂದನ್ನು ಇದಕ್ಕಾಗಿಯೇ ತಮ್ಮನಿಗೆ ಕೊಟ್ಟದ್ದು ಗ್ರಂಥಾಲಯದ ಪಟ್ಟಿಯಲ್ಲಿ ದಾಖಲಾಗಿದೆ. ಒದಗಿಸಿದವನು ಬತಾಯ್. ಮೂಲದಲ್ಲಿ ಆರು ಬಟ್ಟೆಗಳು, ಒಟ್ಟು ಸುಮಾರು 140 ಮೀಟರ್ ಉದ್ದ, 6 ಮೀಟರ್ ಎತ್ತರ. ಪ್ರತಿ ಬಟ್ಟೆಯ ಮೊದಲಲ್ಲಿ ಮಂಟಪದೊಳಗೆ ಕೂತು ಓದುವ ದೊಡ್ಡ ಆಕೃತಿ, ಆಮೇಲೆ ಮೇಲೆ ಏಳು ಕೆಳಗೆ ಏಳು ದೃಶ್ಯ, ಹಿನ್ನೆಲೆ ಒಂದು ಕೆಂಪಾದರೆ ಮುಂದಿನದು ನೀಲಿ. ಹೀಗೆ 90. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಇದನ್ನು ಕತ್ತರಿಸಿ ನೆಲಹಾಸು ಮಾಡಿದರು, ಕುದುರೆ ಲಾಯಕ್ಕೆ ಹೊಡೆದರು, ಹಿಮ ಬೀಳದಂತೆ ಕಿತ್ತಳೆ ಗಿಡಗಳಿಗೆ ಹೊದಿಸಿದರು. 19ನೇ ಶತಮಾನದ ನಡುವಿನಿಂದ ತುಂಡು ಹುಡುಕಿ ಜೋಡಿಸಿದ್ದರಿಂದ ಈಗ 71 ದೃಶ್ಯಗಳಿವೆ. ಕೆಂಪು ನೀಲಿಯ ಸರದಿ ಇತ್ತಲ್ಲ, ಬಿಡಿ ತುಂಡು ಯಾವ ಜಾಗದ್ದು ಎಂದು ತೀರ್ಮಾನಿಸಲು ಅಂಥ ಸರದಿ ದೊಡ್ಡ ಆಧಾರ. ಈ ಬಟ್ಟೆಯಲ್ಲಿ ದಾರದ ತುದಿಗಳನ್ನು ಒಳಕ್ಕೆ ಸೇರಿಸಿರುವುದರಿಂದ ಬೆನ್ನೂ ಮುಖದಷ್ಟೇ ಚೊಕ್ಕ.

ಕತ್ತರಿ ಬಿದ್ದದ್ದು ಕ್ರಾಂತಿಯಲ್ಲಿ ಮಾತ್ರವಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಡೆವನ್‌ಷೈರ್ ಬೇಟೆಯ ನಾಲ್ಕು ಟ್ಯಾಪೆಸ್ಟ್ರಿಗಳನ್ನು ಹಾರ್ಡ್‌ವಿಕ್ ಹಾಲ್ ಎಂಬ ಬಂಗಲೆಯಲ್ಲಿ ಕಿಟಕಿಗಳ ನಡುವಿನ ಜಾಗಕ್ಕೆ ಹೊಂದುವಂತೆ ಕತ್ತರಿಸಿದ್ದರು. ಆದ್ದರಿಂದ ಬೇಟೆಗಾರನೊಬ್ಬ ಅರ್ಧಕ್ಕೇ ನಿಂತಿದ್ದರೆ ಅದನ್ನು ಸಂಯೋಜನೆಯ ಧೈರ್ಯ ಎಂದು ಹೊಗಳುವ ಮೊದಲು ಅಂಚು ನೋಡಿ. ಮೇಲಿನ, ಕೆಳಗಿನ ಮೂಲ ಅಂಚಿನಲ್ಲಿ ಹೊಕ್ಕು ತಿರುಗಿ ಒಳಬಂದಿರುತ್ತದೆ, ಕತ್ತರಿಸಿದ ಅಂಚನ್ನು ಮಡಿಸಿ ಹೊಲಿದಿರುತ್ತಾರೆ.

ಇಷ್ಟಾದ ಮೇಲೆ ವಿಷಯ. ಟೂರ್ನೆ ಶೈಲಿಯ ಟ್ರಾಯ್ ಯುದ್ಧ, ಅಲೆಕ್ಸಾಂಡರ್, ಸೀಸರ್ ಕಥೆಗಳಲ್ಲಿ ಬಟ್ಟೆಯ ತುಂಬ ಜನ, ಉಸಿರಾಡಲು ಜಾಗವಿಲ್ಲ. ಒಂದೇ ಬಟ್ಟೆಯಲ್ಲಿ ಹಲವು ಘಟನೆ ನಡೆಯುವುದರಿಂದ ಒಬ್ಬನೇ ವೀರ ಎರಡು ಮೂರು ಕಡೆ ಬರುತ್ತಾನೆ. ತಲೆ ಎಣಿಸಿ ಪಾತ್ರಗಳ ಪಟ್ಟಿ ಮಾಡಿದರೆ ಕೆಡುತ್ತದೆ. ಮೊದಲು ಕತ್ತಿಯ ಒರೆ, ಉಡುಪಿನ ಅಂಚುಗಳಲ್ಲಿ ನೇಯ್ದ ಹೆಸರುಗಳನ್ನು ಓದಿ, ಆಮೇಲೆ ಮೇಲೆ ಕೆಳಗೆ ಇರುವ ಪದ್ಯ. ಗ್ರೆನಿಯೆ ಒದಗಿಸಿದ ಟ್ರಾಯ್ ಸರಣಿಯಲ್ಲಿ ಮೇಲೆ ಫ್ರೆಂಚ್, ಕೆಳಗೆ ಲ್ಯಾಟಿನ್ ಇತ್ತು. ಎಲ್ಲರೂ 15ನೇ ಶತಮಾನದ ಬರ್ಗಂಡಿಯ ಉಡುಪಿನಲ್ಲಿರುತ್ತಾರೆ, ಟ್ರಾಯ್‌ನ ವೀರ ಹೆಕ್ಟರ್ ಕೂಡ. ಅದು ಅಜ್ಞಾನವಲ್ಲ, ದೊರೆ ತನ್ನನ್ನು ಆ ವೀರರ ಸಾಲಿನಲ್ಲಿ ನೋಡಿಕೊಳ್ಳಲೆಂದೇ ಈ ಬಟ್ಟೆ ತೂಗುತ್ತಿದ್ದ.

ಸುಲಭ ಎನಿಸಿ ಮೋಸ ಮಾಡುವುದು ಮಿಲ್‌ಫ್ಲೂರ್, ಸಾವಿರ ಹೂವಿನ ಬಗೆ. ಪ್ಯಾರಿಸಿನ ಕ್ಲೂನಿ ಮ್ಯೂಸಿಯಂನ ಲೇಡಿ ಅಂಡ್ ದ ಯೂನಿಕಾರ್ನ್ (ಹೆಂಗಸು ಮತ್ತು ಒಂಟಿಕೊಂಬಿನ ಕಾಲ್ಪನಿಕ ಪ್ರಾಣಿ), ಸುಮಾರು 1500ರ ಆರು ಬಟ್ಟೆಗಳು, 1841ರಲ್ಲಿ ಬೂಸಾಕ್ ಕೋಟೆಯಲ್ಲಿ ಫ್ರೆಂಚ್ ಲೇಖಕ ಪ್ರಾಸ್ಪರ್ ಮೆರಿಮೆ ಕಣ್ಣಿಗೆ ಬಿದ್ದವು. ಬಾವುಟಗಳಲ್ಲಿ ಅರ್ಧಚಂದ್ರ ಕಂಡದ್ದೇ ತಡ, ಆ ಸೀಮೆಯಲ್ಲಿ ಸೆರೆಯಲ್ಲಿದ್ದ ತುರ್ಕಿಯ ರಾಜಕುಮಾರ ಝಿಝಿಮ್‌ನ ಪ್ರೇಮಕಥೆ ಇದಕ್ಕೆ ಅಂಟಿಕೊಂಡಿತು. ಕೆಂಪು ನೆಲದ ಮೇಲೆ ಓರೆಯಾದ ನೀಲಿ ಪಟ್ಟಿ, ಅದರಲ್ಲಿ ಮೂರು ಬೆಳ್ಳಿ ಚಂದ್ರ: ಇದು ಲಿಯೋನ್ ಮೂಲದ ಲ ವಿಸ್ತ್ ಕುಟುಂಬದ ಲಾಂಛನ, ತುರ್ಕಿಗೂ ಇದಕ್ಕೂ ಸಂಬಂಧವಿಲ್ಲ. ಐದು ಬಟ್ಟೆಗಳು ಪಂಚೇಂದ್ರಿಯಗಳು ಎಂದು ಜವಳಿ ತಜ್ಞ ಎ. ಎಫ್. ಕೆಂಡ್ರಿಕ್ ಸೂಚಿಸಿದ್ದು 1921ರಲ್ಲಿ. ಸುಳಿವು ಅಲ್ಲೇ ಇತ್ತು. ಒಂದರಲ್ಲಿ ಆಕೆ ಹೂಮಾಲೆ ಕಟ್ಟುತ್ತಿದ್ದಾಳೆ, ಹಿಂದೆ ಮಂಗ ಹೂವನ್ನು ಮೂಸುತ್ತಿದೆ. ಇನ್ನೊಂದರಲ್ಲಿ ಆಕೆಯ ಕೈ ಸಿಹಿಯ ಬಟ್ಟಲಿನಲ್ಲಿದೆ, ಮಂಗ ಏನನ್ನೋ ಬಾಯಿಗೆ ಹಾಕಿಕೊಳ್ಳುತ್ತಿದೆ. ದೊಡ್ಡವರು ಮಾಡುವುದನ್ನು ಮಂಗ ಅಣಕಿಸುತ್ತದೆ. ವಿಷಯ ತಿಳಿಯದಿದ್ದರೆ ಮೊದಲು ಮಂಗನನ್ನು ನೋಡಿ ಎನ್ನುವುದು ತಮಾಷೆಯ ಮಾತಲ್ಲ. ಆರನೆಯದರ ಡೇರೆಯ ಮೇಲೆ "ಆ ಮೋ ಸಲ್ ದೆಝೀರ್", ನನ್ನೊಂದೇ ಬಯಕೆಗೆ, ಎಂದಿದೆ. ಆಕೆ ಕಂಠಹಾರವನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದಾಳೋ ಒಳಗಿಡುತ್ತಿದ್ದಾಳೋ ಎಂಬ ವಾದ ಮುಗಿದಿಲ್ಲ. ಲೇಬಲ್‌ನಲ್ಲಿ "ಕೈಯಲ್ಲಿ ಹಿಡಿದಿದ್ದಾಳೆ" ಎಂದಷ್ಟೇ ಬರೆಯುವುದು ಕ್ಷೇಮ. ತೇವಕ್ಕೆ ಹಾಳಾದ ಕೆಳಭಾಗವನ್ನು 19ನೇ ಶತಮಾನದಲ್ಲಿ ರಾಸಾಯನಿಕ ಬಣ್ಣದ ದಾರದಿಂದ ಮರುನೇಯ್ದರು. ಇವತ್ತು ಮಧ್ಯಯುಗದ ಕೆಂಪು ಗಟ್ಟಿಯಾಗಿದೆ, ಹೊಸ ಕೆಂಪೇ ಪೇಲವ.

ಮೊಲ, ನಾಯಿಗಳು ಬಟ್ಟೆಯಿಂದ ಬಟ್ಟೆಗೆ, ಕೆಲವೊಮ್ಮೆ ಬಲದ್ದು ಎಡಕ್ಕೆ ತಿರುಗಿ, ಮತ್ತೆ ಮತ್ತೆ ಬಂದರೆ ಪ್ರತಿ ಮೊಲಕ್ಕೂ ಸಂಕೇತಾರ್ಥ ಹುಡುಕಬೇಡಿ. ಬ್ರಸೆಲ್ಸ್‌ನಲ್ಲಿ ಕಾರ್ಟೂನ್ ಬರೆಯುವ ಹಕ್ಕು ಯಾರದೆಂದು ಚಿತ್ರಗಾರರ ಸಂಘಕ್ಕೂ ನೇಕಾರರಿಗೂ ಜಗಳವಾಗಿ 1476ರಲ್ಲಿ ಒಪ್ಪಂದವಾಯಿತು: ಆಕೃತಿಗಳು ಚಿತ್ರಗಾರರಿಗೆ, ಗಿಡ, ಹುಲ್ಲು, ಪ್ರಾಣಿಗಳನ್ನು ನೇಕಾರರೇ ತುಂಬಬಹುದು. ಕೈಯಲ್ಲಿದ್ದ ಮಾದರಿಯನ್ನು ತಿರುಗಿಸಿ ಮುರುಗಿಸಿ ಬಳಸಿದರು. ಹಾಗೆಂದು ಎಲ್ಲ ಗಿಡಗಳೂ ಸುಮ್ಮನೆ ಅಲಂಕಾರ ಎನ್ನಲೂ ಆಗದು. ನ್ಯೂಯಾರ್ಕಿನ ಕ್ಲಾಯ್‌ಸ್ಟರ್ಸ್ ಮ್ಯೂಸಿಯಂನ ಏಳು ಯೂನಿಕಾರ್ನ್ ಟ್ಯಾಪೆಸ್ಟ್ರಿಗಳಲ್ಲಿ 101 ಬಗೆಯ ಸಸ್ಯಗಳಿದ್ದು 85ರಷ್ಟನ್ನು ಗುರುತಿಸಿದ್ದಾರೆ. ಬೇಲಿಯೊಳಗೆ ಕಟ್ಟಿಹಾಕಿದ ಯೂನಿಕಾರ್ನ್‌ನ ಬಿಳಿ ಮೈಮೇಲೆ ಕೆಂಪು ಹನಿಗಳಿವೆ. ಗಾಯ ಎಂದು ಬರೆಯುವವರು ಕತ್ತೆತ್ತಿ ಮರ ನೋಡಬೇಕು: ಒಡೆದ ದಾಳಿಂಬೆಯ ರಸ ತೊಟ್ಟಿಕ್ಕುತ್ತಿದೆ.

ಉಳಿದದ್ದೇ ಶ್ರೇಷ್ಠ ಎಂದು ತಿಳಿಯುವುದೂ ತಪ್ಪು. ಬರ್ಗಂಡಿಯ ಡ್ಯೂಕ್ ಫಿಲಿಪ್ 1449ರಲ್ಲಿ ಮಾಡಿಸಿದ, ಬೈಬಲ್ಲಿನ ವೀರ ಗಿಡಿಯನ್‌ನ ಕಥೆಯ, ಚಿನ್ನದೆಳೆಯ ಸರಣಿ ಈಗ ಇಲ್ಲ. 1797ರಲ್ಲಿ ಪ್ಯಾರಿಸಿನಲ್ಲಿ ರಾಜಸಂಗ್ರಹದ ಎಷ್ಟೋ ಟ್ಯಾಪೆಸ್ಟ್ರಿಗಳನ್ನು ಲೋಹ ತೆಗೆಯಲೆಂದು ಸುಟ್ಟರು. ಬರೀ ಉಣ್ಣೆಯದಕ್ಕೆ ಬೆಂಕಿಯ ಬೆಲೆ ಇರಲಿಲ್ಲ, ಆಲೂಗಡ್ಡೆ ಮುಚ್ಚಲು ಹೋಗಿ ಬದುಕಿಕೊಂಡಿತು.

ಕೊನೆಗೆ ಅಳತೆ. ಎತ್ತರವನ್ನು ಎಡ, ನಡು, ಬಲ ಮೂರು ಕಡೆ, ಅಗಲವನ್ನು ಮೇಲೆ ಕೆಳಗೆ ಎರಡು ಕಡೆ ತೆಗೆಯಿರಿ. ತೂಗಿದ್ದಾಗಲೋ ಮಲಗಿಸಿದ್ದಾಗಲೋ, ತಾರೀಕು, ಆ ದಿನದ ತೇವಾಂಶ ಎಲ್ಲ ಜೊತೆಗೇ ಬರೆಯಿರಿ. 1998ರಲ್ಲಿ ಕ್ಲಾಯ್‌ಸ್ಟರ್ಸ್‌ನ ಬಟ್ಟೆಗಳನ್ನು ಇಳಿಸಿ, ಲೈನಿಂಗ್ ಬಿಚ್ಚಿ, ತೊಳೆದು, ನೆಲದ ಮೇಲೆ ಹಾಸಿ ತುಂಡು ತುಂಡಾಗಿ ಡಿಜಿಟಲ್ ಫೋಟೋ ತೆಗೆದರು. ಆಮೇಲೆ ಜೋಡಿಸಲು ಹೋದರೆ ಪಕ್ಕ ಪಕ್ಕದ ಫೋಟೋಗಳು ಕೂಡಲೇ ಇಲ್ಲ. ಒಂದು ಕ್ಲಿಕ್ಕಿಗೂ ಮುಂದಿನ ಕ್ಲಿಕ್ಕಿಗೂ ನಡುವೆ ಉಣ್ಣೆ ರೇಷ್ಮೆಯ ದಾರಗಳು ಅಷ್ಟಷ್ಟೇ ಸರಿದಿದ್ದವು. ಗಣಿತಜ್ಞ ಚುಡ್ನೋವ್ಸ್ಕಿ ಸಹೋದರರು ಆ ಸರಿದಾಟವನ್ನೇ ಲೆಕ್ಕ ಹಾಕಿ, ಕಟ್ಟಿಹಾಕಿದ ಯೂನಿಕಾರ್ನ್‌ನ ಚಿತ್ರವನ್ನು ಒಂದಾಗಿ ಜೋಡಿಸಿಕೊಟ್ಟರು.