ಚೆಂಡಿನ ಮೇಲೆ ನಿಂತವನ ನಲವತ್ತು ಸೆಕೆಂಡು

2024ರ ಅಕ್ಟೋಬರ್ 12ರ ರಾತ್ರಿ, ಅಮೆರಿಕದ ಯುಜೀನ್ ಊರಿನ ಆಟ್ಜೆನ್ ಸ್ಟೇಡಿಯಂ, ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಆರೆಗಾನ್ 32, ಒಹಾಯೊ ಸ್ಟೇಟ್ 31. ಗಡಿಯಾರದಲ್ಲಿ 10 ಸೆಕೆಂಡು ಬಾಕಿ, ಚೆಂಡು ಒಹಾಯೊ ಸ್ಟೇಟ್ ಕೈಯಲ್ಲಿ. ಟೈಮ್‌ಔಟ್ ಮುಗಿಸಿ ಮೈದಾನಕ್ಕೆ ಬಂದ ಆರೆಗಾನ್ ಡಿಫೆನ್ಸ್‌ನಲ್ಲಿ (ಎದುರಾಳಿಯನ್ನು ತಡೆಯುವ ಪಡೆ) ಹನ್ನೊಂದರ ಬದಲು ಹನ್ನೆರಡು ಜನ. ಪಾಸ್ ನೆಲಕ್ಕೆ ಬಿತ್ತು, ತಪ್ಪು ಆಗಿದೆ ಎನ್ನುವ ರೆಫರಿಗಳ ಹಳದಿ ಬಾವುಟವೂ ಬಿತ್ತು. 5 ಗಜ ದಂಡ. ಆದರೆ ಗಡಿಯಾರ 6ಕ್ಕೆ ಇಳಿದಿತ್ತು. ಹೋದ 4 ಸೆಕೆಂಡು ವಾಪಸ್ ಬರಲಿಲ್ಲ. ಮುಂದಿನ ಸಲ ಒಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ವಿಲ್ ಹೊವಾರ್ಡ್ ಓಡಿ, ಜಾರಿ ಕೂರುವಷ್ಟರಲ್ಲಿ ಸಮಯವೇ ಮುಗಿಯಿತು.

ಮರುದಿನದಿಂದ ಎಲ್ಲರೂ, ಸಮಯ ಕಳೆಯಲು ಬೇಕೆಂದೇ ಹನ್ನೆರಡನೆಯವನನ್ನು ಇಳಿಸಿದನೆನ್ನುವ ಆರೆಗಾನ್ ಕೋಚ್‌ನ ಚಾಣಾಕ್ಷತನದ ಬಗ್ಗೆಯೇ ಮಾತಾಡಿದರು. ರೆಫರಿ ಕೆಲಸ ಬಲ್ಲವರಿಗೆ ಮಾತ್ರ ಅಲ್ಲಿ ಕಂಡದ್ದು ಹಳೆಯ ತಲೆನೋವು: ಒಂದು ಸ್ನ್ಯಾಪ್‌ಗೂ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಇನ್ನೊಂದಕ್ಕೂ ನಡುವೆ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಈಗ ಒಳಗಿರುವವರು ಎಷ್ಟು. ಈ ಲೆಕ್ಕ ಎಷ್ಟು ಕಷ್ಟ ಎನ್ನುವುದು ತಿಳಿಯಬೇಕಾದರೆ ಬಿರುಸಿನ ಅಫೆನ್ಸ್ (ಚೆಂಡು ಹಿಡಿದು ಮುನ್ನುಗ್ಗುವ ಪಡೆ) ಆಡುವ ಯಾವುದಾದರೂ ಶನಿವಾರದ ಕಾಲೇಜು ಪಂದ್ಯದಲ್ಲಿ ಚೆಂಡಿನ ಪಕ್ಕ ನಿಂತವನನ್ನು ನೋಡಬೇಕು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಡೌನ್ (10 ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು) ನಡುವೆ ಎಷ್ಟು ಜನರನ್ನು ಬೇಕಾದರೂ ಬದಲಿಸಬಹುದು. ಕಾಲೇಜು ಆಟಕ್ಕೆ 2008ರಲ್ಲಿ 40 ಸೆಕೆಂಡಿನ ಪ್ಲೇ ಕ್ಲಾಕ್, ಅಂದರೆ ಮುಂದಿನ ಸ್ನ್ಯಾಪ್‌ಗೆ ಗಡುವಿನ ಗಡಿಯಾರ, ಬಂತು. ಹಿಂದಿನ ಆಟ ಸತ್ತ ಕೂಡಲೇ ಅದು ಓಡತೊಡಗುತ್ತದೆ. ಅದಕ್ಕೂ ಮೊದಲು ರೆಫರಿ ‘ಸಿದ್ಧ’ ಎಂದು ಸೂಚಿಸಿದ ಮೇಲೆ 25 ಸೆಕೆಂಡಿನ ಎಣಿಕೆ ಶುರುವಾಗುತ್ತಿತ್ತು. ಆಟದ ವೇಗ ಒಂದು ಮಟ್ಟಿಗೆ ಅವನ ಕೈಯಲ್ಲಿತ್ತು. ಈಗ ಚೆಂಡು ಕೆಳಗಿಟ್ಟು ಅಧಿಕಾರಿ ಸರಿದರೆ ಸಾಕು, ಅಫೆನ್ಸ್ ಸ್ನ್ಯಾಪ್ ಮಾಡಬಹುದು. ಕೋಚ್ ಚಿಪ್ ಕೆಲ್ಲಿಯ ಕಾಲದ ಆರೆಗಾನ್ ಈ ಬಾಗಿಲಲ್ಲೇ ನುಗ್ಗಿತು. ಗುಂಪು ಸೇರಿ ಮಾತಾಡುವುದಿಲ್ಲ, ಆಟಗಾರರು ಸೈಡ್‌ಲೈನ್ ಕಡೆ ನೋಡಿ ಸನ್ನೆ ಓದುತ್ತಾರೆ, ಮುಂದಿನ ಆಟ ಶುರು. ಎದುರಿನ ಡಿಫೆನ್ಸಿವ್ ಲೈನ್‌ನ 130–140 ಕಿಲೋ ತೂಕದವರು ಏದುಸಿರು ಬಿಡುತ್ತಾ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ.

ಅಧಿಕಾರಿಗಳ ಇಡೀ ಕೆಲಸ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಅಫೆನ್ಸ್ ಆಟಗಾರರನ್ನು ಬದಲಿಸಿತೇ? ಬದಲಿಸಿದರೆ ಡಿಫೆನ್ಸ್‌ಗೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಹಕ್ಕು ಹುಟ್ಟುತ್ತದೆ, ಅದು ಮುಗಿಯುವವರೆಗೆ ಸ್ನ್ಯಾಪ್ ಇಲ್ಲ. ಬದಲಿಸದಿದ್ದರೆ ಅಂಥ ಹಕ್ಕೇ ಇಲ್ಲ. ಡಿಫೆನ್ಸ್ ಬದಲಿಸಬಹುದು, ಆದರೆ ಸಿಕ್ಕಿಬಿದ್ದರೆ ಅದರ ಹಣೆಬರಹ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಯುತ್ತದೆ. ಬ್ಯಾಟ್ಸ್‌ಮನ್ ಸಿದ್ಧನಿಲ್ಲದಾಗ ಬಂದ ಚೆಂಡನ್ನು ಅಂಪೈರ್ ಡೆಡ್ ಬಾಲ್ ಅನ್ನುತ್ತಾನಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಆ ರಕ್ಷಣೆ ಸುಮ್ಮನೆ ಸಿಗುವುದಿಲ್ಲ, ಎದುರಾಳಿ ಮೊದಲು ಕೈಯಾಡಿಸಿದರೆ ಮಾತ್ರ.

ಕಣ್ಣಿಗೆ ಕಾಣುವಂತೆ ಹೇಳುವುದಾದರೆ, ಮೂರನೇ ಡೌನ್, 7 ಗಜ ಬೇಕು. ಹಿಂದಿನ ಆಟ ಬಲಗಡೆಯ ಹ್ಯಾಷ್ ಮಾರ್ಕ್ (ಮೈದಾನದೊಳಗೆ ಚೆಂಡು ಇಡುವ ಗುರುತಿನ ಸಾಲು) ಹತ್ತಿರ ನಿಂತಿದೆ. ಪ್ಲೇ ಕ್ಲಾಕ್ 40, 39, 38. ಚೆಂಡು ಇಡುವ ಅಧಿಕಾರಿ ಸೆಂಟರ್ ಜಡ್ಜ್ ಅಫೆನ್ಸ್‌ನ ಹಿಂಭಾಗದಿಂದ ಓಡಿ ಬಂದು ಚೆಂಡು ಇಡುತ್ತಾನೆ. ಇಡುವಾಗಲೇ ತಲೆಯೆತ್ತಿ ಸೈಡ್‌ಲೈನ್ ಕಡೆ ನೋಡುತ್ತಾನೆ. ಅಲ್ಲಿನ ಲೈನ್ ಅಧಿಕಾರಿ ಬದಲಿಯ ಸೂಚನೆ ಕೊಟ್ಟರೆ ಏಳುವ ಹಾಗಿಲ್ಲ. ಒಬ್ಬ ದಪ್ಪ ಟೈಟ್ ಎಂಡ್ ಒಳಗೆ ಓಡಿ ಬಂದ, ಒಬ್ಬ ರಿಸೀವರ್ ಹೊರಗೆ ಹೋದ. ರೆಫರಿ ಎರಡೂ ಕೈಗಳನ್ನು ಭುಜದ ಎತ್ತರಕ್ಕೆ ಅಗಲಿಸಿ ನಿಲ್ಲುತ್ತಾನೆ: ಅಫೆನ್ಸ್ ಬದಲಿಸಿದೆ, ಡಿಫೆನ್ಸ್ ನೋಡಿಕೊಳ್ಳಲಿ. ಸೆಂಟರ್ ಜಡ್ಜ್ ಚೆಂಡಿನ ಮೇಲೆ ಕಾಲಗಲಿಸಿ ನಿಂತಿದ್ದಾನೆ. ಸ್ನ್ಯಾಪ್ ಮಾಡುವ ಆಟಗಾರ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಗ್ಗಿ ಕಾಯುತ್ತಿದ್ದಾನೆ, ಹಿಂದೆ ಕ್ವಾರ್ಟರ್‌ಬ್ಯಾಕ್ ‘ಸರಿಯಪ್ಪಾ’ ಎನ್ನುವಂತೆ ಕೈಬೀಸುತ್ತಿದ್ದಾನೆ. ಅತ್ತ ನೋಡಬಾರದು. ನೋಡಬೇಕಾದದ್ದು ಡಿಫೆನ್ಸ್‌ನ ಸೈಡ್‌ಲೈನ್.

ಈಗ ಮೂರು ಸೆಕೆಂಡಿನ ಲೆಕ್ಕ. ಅಷ್ಟರೊಳಗೆ ಡಿಫೆನ್ಸ್ ಬದಲಿಯನ್ನು ಶುರು ಮಾಡಿರಬೇಕು. ಮುಗಿಸಿರಬೇಕೆಂದಲ್ಲ. ಇದನ್ನು ತಪ್ಪು ತಿಳಿದ ಕೋಚ್‌ಗಳು ಎಷ್ಟೋ ಜನ. ಯಾರೂ ಕದಲದಿದ್ದರೆ ಸೆಂಟರ್ ಜಡ್ಜ್ ಎದ್ದು ಹಿಂದಕ್ಕೆ ಸರಿಯುತ್ತಾನೆ, ಆಟ ಮುಂದುವರಿಯುತ್ತದೆ. ಕದಲಿದರೆ ಹೊಸಬ ಜಾಗ ಹಿಡಿಯುವವರೆಗೆ, ಹಳಬ ಹೊರಗೆ ಹೋಗುವವರೆಗೆ ಕಾಯುತ್ತಾನೆ. ಕಾಲೇಜು ಮೈದಾನದಲ್ಲಿ ದೂರದ ಹ್ಯಾಷ್‌ನಿಂದ ಸೈಡ್‌ಲೈನ್‌ಗೆ 33 ಗಜ ಚಿಲ್ಲರೆ. ದಣಿದ 140 ಕಿಲೋ ಮನುಷ್ಯನಿಗೆ ಅದು ಸಣ್ಣ ಓಟವಲ್ಲ. ಅವನು ಹತ್ತಿರದ ಗೆರೆ ದಾಟಿ ಎದುರಾಳಿಯ ಬೆಂಚ್ ಕಡೆ ಹೋಗುವಂತಿಲ್ಲ, ತನ್ನ ತಂಡದ ಕಡೆಯಿಂದಲೇ ಹೊರಬೀಳಬೇಕು.

ಇದರಲ್ಲಿ ಎಡವುವ ಜಾಗಗಳು ಬಹಳ. ಎಲ್ಲಕ್ಕಿಂತ ಕೆಟ್ಟದ್ದು ಚೆಂಡಿನಿಂದ ಬೇಗ ಎದ್ದುಬಿಡುವುದು. ಡಿಫೆನ್ಸ್ ಆಟಗಾರ ಇನ್ನೂ ಹತ್ತು ಗಜ ಒಳಗಿದ್ದಾನೆ, ಅಧಿಕಾರಿ ಸರಿದ, ಸ್ನ್ಯಾಪ್ ಆಯಿತು, ಹನ್ನೆರಡು ಜನ ಎಂದು ಬಾವುಟ. ಆಗ ಡಿಫೆನ್ಸ್ ದಂಡ ತೆತ್ತದ್ದು ಅಧಿಕಾರಿಯ ತಪ್ಪಿಗೆ. ದಂಡ 5 ಗಜವೇ ಇರಬಹುದು, ಆದರೆ ಬಾವುಟ ಬಿದ್ದದ್ದು ಕಂಡ ಕ್ವಾರ್ಟರ್‌ಬ್ಯಾಕ್‌ಗೆ ಅದು ಪುಕ್ಕಟೆ ಆಟ. ಅವನು ಹೆದರಿಕೆಯಿಲ್ಲದೆ ದೂರಕ್ಕೆ ಎಸೆಯುತ್ತಾನೆ: ಸಿಕ್ಕರೆ ಟಚ್‌ಡೌನ್, ಎದುರಾಳಿ ಹಿಡಿದರೂ ನಷ್ಟವಿಲ್ಲ.

ಅದರ ತಿರುಗುಮುರುಗು ತಪ್ಪೂ ಉಂಟು, ಅಫೆನ್ಸ್ ಯಾರನ್ನೂ ಬದಲಿಸದಿದ್ದಾಗಲೂ ಚೆಂಡಿನ ಮೇಲೆ ನಿಂತುಬಿಡುವುದು. ವೇಗವನ್ನೇ ನಂಬಿ ಕಟ್ಟಿದ ತಂಡದಿಂದ ಅದರ ಅಸ್ತ್ರವನ್ನೇ ಕಸಿದಂತೆ ಅದು. ಹಾಗಾಗಿ ಒಳ್ಳೆಯ ಅಧಿಕಾರಿಗಳು ಮೊದಲ ಕ್ವಾರ್ಟರ್‌ನಿಂದ ಕೊನೆಯವರೆಗೆ ಒಂದೇ ಹದದಲ್ಲಿ ಚೆಂಡು ಇಡುತ್ತಾರೆ. ಒಬ್ಬರಿಗಾಗಿ ಓಡುವುದಿಲ್ಲ, ಇನ್ನೊಬ್ಬರಿಗಾಗಿ ನಿಧಾನಿಸುವುದಿಲ್ಲ. ದೂರ ಹೋದ ಚೆಂಡನ್ನು ಬೆನ್ನಟ್ಟುವುದಿಲ್ಲ. ಸೈಡ್‌ಲೈನ್ ಹುಡುಗನಿಂದ ಬೇರೆ ಚೆಂಡು ತರಿಸಿಕೊಳ್ಳುತ್ತಾರೆ. ಹೀಗೆಲ್ಲ ಮಾಡಿಯೂ ಪ್ಲೇ ಕ್ಲಾಕ್ 25ಕ್ಕೆ ಬಂದಾಗ ಚೆಂಡು ಸಿದ್ಧವಾಗಿರದಿದ್ದರೆ ರೆಫರಿ ಕೈಯೆತ್ತಿ ಅದನ್ನು ಪುನಃ 25ಕ್ಕೆ ಹಾಕಿಸುತ್ತಾನೆ.

ಅಫೆನ್ಸ್ ತಡವಾಗಿ ಬದಲಿಸಿದಾಗ ಸೈಡ್‌ಲೈನ್‌ನಲ್ಲಿ ಕೂಗಾಟ ಏಳುತ್ತದೆ. ಕ್ಲಾಕ್‌ನಲ್ಲಿ 8 ಸೆಕೆಂಡು ಇರುವಾಗ ಒಬ್ಬನನ್ನು ಒಳಗೆ ಕಳಿಸಿದರೆ ಡಿಫೆನ್ಸ್‌ಗೆ ಅದರ ಪಾಲಿನ ಸಮಯ ಸಿಗಲೇಬೇಕು. ಅವರು ಚುರುಕಾಗಿ ಬದಲಿಸಿಕೊಂಡೂ ಕ್ಲಾಕ್ ಸೊನ್ನೆಗೆ ಬಂದರೆ ವಿಳಂಬದ ದಂಡ ಅಫೆನ್ಸ್‌ಗೇ. ಬೇಕೆಂದೇ ಕಾಲೆಳೆದುಕೊಂಡು ನಡೆದರೆ ಅದೇ 5 ಗಜ ಡಿಫೆನ್ಸ್ ತಲೆಗೆ. ಈ ಎರಡನೆಯ ಬಾವುಟ ಎತ್ತಲು ಅಧಿಕಾರಿಗಳು ಹಿಂಜರಿಯುತ್ತಾರೆ, ಹಿಂಜರಿಯಬಾರದು. ಬದಲಿ ಮಾಡುವ ನೆಪದಲ್ಲಿ ಅಫೆನ್ಸ್ ಗೆರೆಗೆ ನುಗ್ಗಿ ಡಿಫೆನ್ಸ್‌ನ ಕಾಲಡಿಯ ನೆಲ ಎಳೆಯಲು ನೋಡಿದರೆ ಮೊದಲ ಸಲ 5 ಗಜ, ಜೊತೆಗೆ ಕೋಚ್‌ಗೆ ಎಚ್ಚರಿಕೆ. ಮತ್ತೆ ಮಾಡಿದರೆ ಕ್ರೀಡಾಮನೋಭಾವವಿಲ್ಲದ ನಡತೆ ಎಂದು 15 ಗಜ.

ತುಂಬ ಜಾಣತನದ ಆಟ ಮೈದಾನದ ಅಂಚಿನಲ್ಲಿ ನಡೆಯುತ್ತದೆ. 30 ಗಜ ಓಡಿದ ರಿಸೀವರ್ ತನ್ನ ಬೆಂಚ್ ಪಕ್ಕದಲ್ಲೇ ಹೊರಗೆ ಕಾಲಿಡುತ್ತಾನೆ, ಅಲ್ಲೇ ನಿಂತಿದ್ದ ಇನ್ನೊಬ್ಬ ಒಳಗೆ ಹೆಜ್ಜೆ ಹಾಕುತ್ತಾನೆ. ಆ ಕ್ಷಣದಲ್ಲಿ ಅಲ್ಲಿನ ಅಧಿಕಾರಿಯ ಕಣ್ಣು ಚೆಂಡು ಎಲ್ಲಿ ನಿಂತಿತು ಎನ್ನುವುದರ ಮೇಲಿರುತ್ತದೆ. ಈ ಒಂದು ಬದಲಿ ತಪ್ಪಿಹೋದರೆ ಡಿಫೆನ್ಸ್‌ಗೆ ಸಿಗಬೇಕಿದ್ದ ಮೂರು ಸೆಕೆಂಡೂ ಹೋಯಿತು. ಅದಕ್ಕೇ ಚೆಂಡಿನ ಗುರುತು ಹಿಡಿದ ಕೂಡಲೇ ಅವನು ಬೆನ್ನ ಹಿಂದಿನ ಬೆಂಚ್ ಕಡೆ ಒಮ್ಮೆ ಕತ್ತು ತಿರುಗಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ಅಧಿಕಾರಿಗಳ ತಂಡದಲ್ಲಿ ಏಳೇ ಜನ ಇದ್ದಾಗ ಈ ಎಲ್ಲ ಭಾರ ಅಂಪೈರ್ ಮೇಲಿತ್ತು. ಅವನ ಜಾಗ ಡಿಫೆನ್ಸ್ ಕಡೆ, ಮುಂಚೂಣಿಯ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳ ನಡುವೆ. ಚೆಂಡು ಇಟ್ಟು, ಮೇಲೆ ನಿಂತು, ಸ್ನ್ಯಾಪ್ ಆಗುವ ಮೊದಲು ಹಿಂದಕ್ಕೆ ಓಡಬೇಕು. ಎಷ್ಟೋ ಸಲ ಬೆನ್ನು ತಿರುಗಿಸಿದಾಗಲೇ ಆಟ ಶುರುವಾಗುತ್ತಿತ್ತು. ಎಂಟನೆಯವನಾಗಿ ಸೆಂಟರ್ ಜಡ್ಜ್ ಬಂದದ್ದು ಇದಕ್ಕೇ. 2013ರಲ್ಲಿ ಬಿಗ್ 12 ಎಂಬ ಕಾಲೇಜು ತಂಡಗಳ ಕಾನ್ಫರೆನ್ಸ್ ಅದನ್ನು ಪ್ರಯೋಗಿಸಿತು. ಅವನು ಅಫೆನ್ಸ್‌ನ ಹಿಂದೆ, ರೆಫರಿಯ ಎದುರು ಬದಿಯಲ್ಲಿ ನಿಲ್ಲುವುದರಿಂದ ಚೆಂಡಿನಿಂದ ಹಿಂದೆ ಸರಿಯುವ ದಾರಿಯಲ್ಲಿ ಜನಜಂಗುಳಿ ಕಡಿಮೆ.

ಮರುವರ್ಷ, 2014ರ ಫೆಬ್ರವರಿಯಲ್ಲಿ, ನಿಯಮ ಸಮಿತಿ ಇನ್ನೂ ದೊಡ್ಡ ಹೆಜ್ಜೆ ಇಡಲು ನೋಡಿತು. ಅಫೆನ್ಸ್ ಬದಲಿಸಲಿ ಬಿಡಲಿ, ಮೊದಲ 10 ಸೆಕೆಂಡು ಡಿಫೆನ್ಸ್‌ಗೆ ಬದಲಿಸುವ ಅವಕಾಶ. ಪ್ಲೇ ಕ್ಲಾಕ್ 29ಕ್ಕೆ ಬರುವ ಮೊದಲು ಸ್ನ್ಯಾಪ್ ಮಾಡಿದರೆ ದಂಡ. ಆಟಗಾರರ ಸುರಕ್ಷತೆ ಎಂಬ ಕಾರಣ ಕೊಟ್ಟರು. ಆಗಿನ ಕೋಚ್‌ಗಳಾದ ಅಲಬಾಮಾದ ನಿಕ್ ಸೇಬನ್, ಆರ್ಕನ್ಸಾದ ಬ್ರೆಟ್ ಬಿಲೆಮಾ ಅದರ ಪರ. ವೇಗದ ಕೋಚ್‌ಗಳು ಕೆರಳಿದರು, ಪುರಾವೆ ಎಲ್ಲಿ ಎಂದು ಕೇಳಿದರು. ಮಾರ್ಚ್‌ನಲ್ಲಿ ಪ್ರಸ್ತಾವವನ್ನು ಬದಿಗಿಟ್ಟರು. ಒಳ್ಳೆಯದೇ ಆಯಿತು. ಆಗ ಮಾಡಬೇಕಿದ್ದ ಕೆಲಸ, ಇದ್ದ ನಿಯಮವನ್ನೇ ಎಲ್ಲ ಮೈದಾನಗಳಲ್ಲೂ ಒಂದೇ ರೀತಿ ನಡೆಸುವುದು.

ಬದಲಿಗೆ ದಾರಿ ಸಿಗದ ಡಿಫೆನ್ಸ್ ಕಂಡುಕೊಂಡ ಉಪಾಯ ನೆಲಕ್ಕೆ ಬೀಳುವುದು. ಕೋಚ್ ಸನ್ನೆ ಮಾಡುತ್ತಾನೆ, ಗಟ್ಟಿಮುಟ್ಟಾಗಿದ್ದವನು ಕಾಲು ಹಿಡಿದು ಕೂರುತ್ತಾನೆ, ಆಟ ನಿಲ್ಲುತ್ತದೆ. ನಿಜವಾದ ಗಾಯವೋ ನಾಟಕವೋ ಎಂದು ತೀರ್ಮಾನಿಸುವುದು ಅಧಿಕಾರಿಯ ಕೆಲಸವಲ್ಲ, ಆಗಲೂಬಾರದು. 2025ರ ನಿಯಮ ಆ ಗೊಡವೆಗೆ ಹೋಗಲಿಲ್ಲ: ಚೆಂಡು ಇಟ್ಟ ಮೇಲೆ ಬಿದ್ದವನನ್ನು ನೋಡಲು ವೈದ್ಯರು ಒಳಗೆ ಬಂದರೆ ಆ ತಂಡದ ಒಂದು ಟೈಮ್‌ಔಟ್ ಹೋಗುತ್ತದೆ, ಟೈಮ್‌ಔಟ್ ಉಳಿದಿಲ್ಲವಾದರೆ 5 ಗಜ.

ಪಂದ್ಯದ ಅರ್ಧದ ಕೊನೆಯಲ್ಲಿ ಫೀಲ್ಡ್ ಗೋಲ್ (ಚೆಂಡನ್ನು ಒದ್ದು ಮೂರು ಅಂಕ ಗಳಿಸುವುದು) ತಂಡ ಓಡೋಡಿ ಬಂದಾಗ ಮಾತ್ರ ಲೆಕ್ಕ ಬೇರೆ. ನಾಲ್ಕನೇ ಡೌನ್, ಟೈಮ್‌ಔಟ್ ಇಲ್ಲ, ಗಡಿಯಾರ ಓಡುತ್ತಿದೆ. ಇಲ್ಲಿ ಅಫೆನ್ಸ್ ಹತ್ತಾರು ಜನರನ್ನು ಬದಲಿಸಿದರೂ ಅಧಿಕಾರಿ ಚೆಂಡಿನ ಮೇಲೆ ನಿಲ್ಲುವುದಿಲ್ಲ. ಕಿಕ್ ಬರುತ್ತದೆ ಎನ್ನುವುದು ಡಿಫೆನ್ಸ್‌ಗೆ ಮೊದಲೇ ಗೊತ್ತಿರಬೇಕಾದ ಸಂಗತಿ. ಅಭ್ಯಾಸಬಲದಿಂದ ನಿಂತುಬಿಟ್ಟ ಅಧಿಕಾರಿ ಆ ತಂಡದ ಮೂರು ಅಂಕ ನುಂಗಿದಂತೆ. ಹಾಗಾಗಿ ಗಡಿಯಾರ 30 ಸೆಕೆಂಡಿಗೆ ಬರುವ ಮೊದಲೇ ರೆಫರಿ, ಅಂಪೈರ್, ಸೆಂಟರ್ ಜಡ್ಜ್ ಪರಸ್ಪರ ಕಣ್ಣಲ್ಲೇ ಮಾತಾಡಿಕೊಂಡಿರಬೇಕು.

ಯುಜೀನ್‌ನ ಆ ರಾತ್ರಿಗೆ ಬಂದರೆ, ಅಲ್ಲಿ ಯಾರೂ ಅವಸರಿಸಿರಲಿಲ್ಲ. ಡಿಫೆನ್ಸ್ ತಲೆ ಎಣಿಸುವುದು ಹಿಂದೆ ನಿಲ್ಲುವ ಫೀಲ್ಡ್, ಸೈಡ್, ಬ್ಯಾಕ್ ಜಡ್ಜ್‌ಗಳ ಪಾಲು. ಹನ್ನೊಂದು ಸರಿಯಿದ್ದರೆ ಮುಷ್ಟಿ ಚಾಚಿ ಒಬ್ಬರಿಗೊಬ್ಬರು ತೋರಿಸುತ್ತಾರೆ. ಬಾವುಟ ಬಿತ್ತು, ಅಂದರೆ ಲೆಕ್ಕ ತಪ್ಪಿರಲಿಲ್ಲ. ತೂತು ಇದ್ದದ್ದು ನಿಯಮದಲ್ಲಿ: ಗಜ ಹಿಂದಿರುಗುತ್ತಿತ್ತು, ಸಮಯ ಹಿಂದಿರುಗುತ್ತಿರಲಿಲ್ಲ. ನಾಲ್ಕೇ ದಿನದಲ್ಲಿ, ಅಕ್ಟೋಬರ್ 16ಕ್ಕೆ, ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಹೊಸ ವ್ಯಾಖ್ಯಾನ ಹೊರಡಿಸಿತು; ಮರುವರ್ಷ ಅದೇ ನಿಯಮವಾಯಿತು. ಯಾವುದೇ ಅರ್ಧ ಮುಗಿಯಲು ಎರಡು ನಿಮಿಷ ಇರುವಾಗ ಬರುವ ಟೈಮ್‌ಔಟ್ ಆದ ಮೇಲೆ ಡಿಫೆನ್ಸ್ ಹನ್ನೆರಡು ಅಥವಾ ಹೆಚ್ಚು ಜನರನ್ನು ಆಡಿಸಿದರೆ 5 ಗಜ ದಂಡ, ಜೊತೆಗೆ ಅಫೆನ್ಸ್ ಕೇಳಿದರೆ ಗಡಿಯಾರ ಸ್ನ್ಯಾಪ್ ಹೊತ್ತಿಗೆ ಇದ್ದಲ್ಲಿಗೇ ವಾಪಸ್. ಹನ್ನೆರಡನೆಯವನು ಆಟಕ್ಕೆ ಅಡ್ಡಬಾರದೆ ಹೊರಗೆ ಓಡುತ್ತಿದ್ದರೆ ಬರೀ 5 ಗಜ, ಗಡಿಯಾರ ಮುಟ್ಟುವುದಿಲ್ಲ. ಆದ್ದರಿಂದ ಈಗ ಬ್ಯಾಕ್ ಜಡ್ಜ್ ಹನ್ನೆರಡು ಎಂದು ಎಣಿಸಿದರೆ ಸಾಲದು. ಆ ಹನ್ನೆರಡನೆಯವನ ಮುಖ ಚೆಂಡಿನ ಕಡೆಗಿತ್ತೋ ಬೆಂಚ್ ಕಡೆಗಿತ್ತೋ ಎನ್ನುವುದನ್ನೂ ನೋಡಿಟ್ಟುಕೊಳ್ಳಬೇಕು.