ತೂಫಾನ್ ಬೇರೆ, ಚಂಡಮಾರುತ ಬೇರೆ

ಉಡುಪಿಯ ಮಲ್ಪೆಯಿಂದ ಉತ್ತರಕ್ಕೆ ಹೂಡೆಯನ್ನು ದಾಟಿ ಹೋದಂತೆ ನೆಲ ಕಿರಿದಾಗುತ್ತಾ ಬಂದು, ಕೊನೆಗೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ನಡುವೆ ಒಂದು ರಸ್ತೆ ಮತ್ತು ಅದರ ಇಕ್ಕೆಲದ ಮನೆಗಳು ಮಾತ್ರ ಉಳಿಯುತ್ತವೆ. ಆ ತುದಿಯೇ ಕೋಡಿ ಬೆಂಗ್ರೆ. ಸೀತಾ ಮತ್ತು ಸ್ವರ್ಣಾ ನದಿಗಳು ಅಲ್ಲಿ ಕೂಡಿ ಕಡಲು ಸೇರುತ್ತವೆ. ನನ್ನ ಸೋದರಮಾವನ ಬಿಡಾರ ಇದ್ದದ್ದು ಹೊಳೆಯ ಬದಿಗೆ, ಕಾಂಡ್ಲ ಎಂಬ ಮ್ಯಾಂಗ್ರೋವ್ ಗಿಡಗಳ ಅಂಚಿನಲ್ಲಿ. ನಾಲ್ಕು ಗಾಳಿಮರದ ಕಂಬ, ತೆಂಗಿನ ಮಡಲಿನ ಮಾಡು, ಅದರ ಮೇಲೊಂದು ಟಾರ್ಪಾಲು. ಒಳಗೆ ಬಲೆಗಳು, ಐಸ್ ಪೆಟ್ಟಿಗೆ, ಸೀಮೆಎಣ್ಣೆಯ ಕ್ಯಾನು, ಎರಡು ಚಾಪೆ. ಹೊಳೆಯ ಮೀನುಗಾರಿಕೆ ಗಡಿಯಾರಕ್ಕಲ್ಲ, ಭರತ ಇಳಿತಗಳಿಗೆ ಕಟ್ಟುಬಿದ್ದದ್ದಾದ್ದರಿಂದ ರಾತ್ರಿ ಎರಡು ಗಂಟೆಗೆ ಇಳಿತ ಶುರುವಾದರೂ ಬಲೆ ಹಾಕುವವನು ಅಲ್ಲಿರಬೇಕಾಗುತ್ತದೆ. ಬಿಡಾರ ಬೇಕಾಗುವುದು ಅದಕ್ಕಾಗಿ.

2021ರ ಮೇ 15ರಂದು, ಅಕ್ಷಯ ತೃತೀಯದ ಮರುದಿನ, ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಎದುರಿನಿಂದ ಉತ್ತರಕ್ಕೆ ಸಾಗಿತು. ಅದು ನೆಲ ಹತ್ತಿದ್ದು ಗುಜರಾತಿನಲ್ಲಿ, ಮೇ 17ರ ರಾತ್ರಿ. ಆದರೆ ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ, ಅದರ ಕೇಂದ್ರ ಕಡಲಿನಲ್ಲೇ ಉಳಿದು ಉತ್ತರಕ್ಕೆ ಹೋಗುವಾಗ ಅದರ ಪೂರ್ವಕ್ಕೆ ದಡದಲ್ಲಿರುವ ನಮಗೆ ದಕ್ಷಿಣದ, ಆಮೇಲೆ ನೈಋತ್ಯದ ಗಾಳಿ ನೇರವಾಗಿ ಬಡಿಯುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಕಡಲಿನ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅದರ ಮೇಲೆ ಗಾಳಿ ದಡದತ್ತ ನೂಕಿದ ನೀರು, ಅದರ ಮೇಲೆ ಅಲೆ. ಹೀಗೆ ಏರಿದ ಕಡಲು ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಬಾಗಿಲನ್ನು ಕಟ್ಟಿಹಾಕಿದಾಗ, ಘಟ್ಟದ ಕಡೆಯಿಂದ ಮಳೆನೀರು ಹೊತ್ತು ಬಂದ ಎರಡು ಹೊಳೆಗಳಿಗೆ ಹೋಗಲು ದಾರಿಯಿಲ್ಲದಾಯಿತು. ಬಿಡಾರಕ್ಕೆ ನೀರು ನುಗ್ಗಿದ್ದು ಕಡಲಿನ ಕಡೆಯಿಂದಲ್ಲ, ಹೊಳೆಯ ಕಡೆಯಿಂದ. ಪತ್ರಿಕೆಗಳ ಚಿತ್ರಗಳಲ್ಲಿ ಕಾಣುವುದು ಯಾವಾಗಲೂ ಕಡಲ್ಕೊರೆತ, ಉರುಳಿದ ತೆಂಗಿನಮರ, ಕಲ್ಲಿನ ತಡೆಗೋಡೆ. ಬೆನ್ನ ಹಿಂದಿನ ಹೊಳೆಯತ್ತ ಕ್ಯಾಮೆರಾ ತಿರುಗುವುದು ಅಪರೂಪ, ಮತ್ತು ಇದನ್ನು ಬರೆಯಲು ಕೂತದ್ದು ಮುಖ್ಯವಾಗಿ ಆ ಕಾರಣಕ್ಕೆ.

ನಮ್ಮಲ್ಲಿ ತೂಫಾನ್ ಎಂಬ ಮಾತಿಗೆ ಇರುವುದು ಹೆದರಿಕೆಯ ಅರ್ಥವೊಂದೇ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆಯಿದ್ದಾಗ ನಾಡದೋಣಿಯವರು ತೂಫಾನ್ ಏಳಲಿ ಎಂದೇ ಕಾಯುತ್ತಾರೆ. ಮುಂಗಾರಿನ ಆ ಅಬ್ಬರ ಕಡಲಿನ ತಳವನ್ನು ಕಲಕಿ, ಹೊಳೆಯ ಕೆನ್ನೀರು ಕಡಲಿಗಿಳಿದ ಮೇಲೆ ಸಿಗಡಿಯೂ ಮೀನೂ ದಡದ ಹತ್ತಿರಕ್ಕೆ ಬರುತ್ತವೆ ಎಂಬುದು ತಲೆಮಾರುಗಳ ಅನುಭವ. ಚಂಡಮಾರುತವೂ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರನ್ನು ಮೇಲಕ್ಕೆ ತರುತ್ತದೆ ಎಂದು ಓದಿದ್ದ ನಾನು, ಹಾಗಾದರೆ ಇದರಿಂದಲೂ ಮೀನು ಹೆಚ್ಚಬೇಕಲ್ಲ ಎಂದು ಮಾವನನ್ನು ಕೇಳಿದೆ. "ತೂಫಾನ್ ಬೇರೆ, ಇದ್ ಬೇರೆ ಮಗಾ. ತೂಫಾನ್ ಮೀನ್ ತತ್ತ್. ಇದ್ ಹೊಳಿಯನ್ನೇ ತೊಳ್ಕಂಡ್ ಹೋತ್ತ್," ಎಂದರು.

ಹೊಳೆ ತೊಳೆದುಹೋಗುವುದೆಂದರೇನು ಎಂಬುದು ನೀರು ಇಳಿದ ಮೇಲೆ ಕಂಡಿತು. ಮೇ ತಿಂಗಳಲ್ಲಿ ಅಳಿವೆಯ ನೀರು ವರ್ಷದಲ್ಲೇ ಅತಿ ಹೆಚ್ಚು ಉಪ್ಪಾಗಿರುತ್ತದೆ. ಜೂನ್ ಕಳೆದಂತೆ ಮಳೆ ಅದನ್ನು ಮೆಲ್ಲಮೆಲ್ಲನೆ ಸಪ್ಪೆ ಮಾಡುತ್ತದೆ, ಅಲ್ಲಿನ ಜೀವಿಗಳಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಚಂಡಮಾರುತ ಆ ಕೆಲಸವನ್ನು ಒಂದೆರಡು ದಿನಗಳಲ್ಲಿ ಮಾಡಿ ಮುಗಿಸಿತು. ಮೀನಾದರೆ ಈಜಿ ಹೋದೀತು, ಮರಳಿನಲ್ಲಿ ಹುದುಗಿರುವ ಚಿಪ್ಪುಜೀವಿ ಮರುವಾಯಿ ಎಲ್ಲಿಗೆ ಹೋಗಬೇಕು? ಅದು ಚಿಪ್ಪನ್ನು ಬಿಗಿಯಾಗಿ ಮುಚ್ಚಿ ಕೆಲವು ದಿನ ತಡೆದುಕೊಳ್ಳುತ್ತದೆ, ಆಮೇಲೆ ಸೋಲುತ್ತದೆ. ಒಂದು ವಾರದ ನಂತರ ಇಳಿತದಲ್ಲಿ ಮರಳದಿಬ್ಬಕ್ಕೆ ನಡೆದಾಗ ಕಾಲಡಿಯಲ್ಲಿ ಚಿಪ್ಪುಗಳು ಬಾಯಿ ತೆರೆದು ಬಿದ್ದಿದ್ದವು, ಒಳಗಿನ ಮಾಂಸ ಬೂದುಬಣ್ಣಕ್ಕೆ ತಿರುಗಿ ಅಂಟಂಟಾಗಿತ್ತು. ಸೊಂಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕಿ ಮಾರುವ ಹೆಂಗಸರಿಗೆ ಆ ದಿಬ್ಬವೇ ಗದ್ದೆ. ಆದರೆ ಅದರ ನಷ್ಟವನ್ನು ಬರೆದುಕೊಳ್ಳಲು ಯಾವ ಅರ್ಜಿಯಲ್ಲೂ ಜಾಗವಿರಲಿಲ್ಲ.

ಬಿಡಾರದ ಮಾಡು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಲೆ ಮಾತ್ರ ಕಾಂಡ್ಲದ ಬೇರುಗಳಿಗೆ ಸುತ್ತಿಕೊಂಡು ಸಿಕ್ಕಿತು. ಅದನ್ನು ಬಿಡಿಸಲು ನಮಗೆ ಮೂರು ದಿನ ಹಿಡಿಯಿತು. ಎಳೆದರೆ ಹರಿಯುತ್ತದೆ, ಆದ್ದರಿಂದ ಕಸ, ಕಡ್ಡಿ, ಪ್ಲಾಸ್ಟಿಕ್ ಚೂರುಗಳನ್ನು ಒಂದೊಂದಾಗಿ ಬೆರಳಿನಿಂದ ತೆಗೆದು ಕಣ್ಣು ಕಣ್ಣನ್ನೂ ಬಿಡಿಸಬೇಕು. ಪರಿಹಾರ ಕೇಳಲು ಹೋದಾಗ ಬಿಡಾರಕ್ಕೆ ಮನೆ ನಂಬರು ಇಲ್ಲದ ಕಾರಣ ಅದು ಲೆಕ್ಕಕ್ಕೆ ಬರಲಿಲ್ಲ. ಆಗ ಲಾಕ್‌ಡೌನ್ ಬೇರೆ. ಇದ್ದಬದ್ದ ಮೀನನ್ನು ಮಾರುವುದೂ ಕಷ್ಟವಿತ್ತು.

ಅಳಿವೆಯ ಬಾಗಿಲಿನ ಮರಳೂ ಜಾಗ ಬದಲಿಸಿತ್ತು. ದೋಣಿ ನಡೆಸುವವರ ತಲೆಯೊಳಗೆ ತಳದ ನಕ್ಷೆಯೊಂದು ಇರುತ್ತದೆ, ಎಲ್ಲಿ ಆಳ, ಎಲ್ಲಿ ದಿಬ್ಬ ಎಂದು. ಆ ನಕ್ಷೆ ಒಂದೇ ರಾತ್ರಿಯಲ್ಲಿ ಸುಳ್ಳಾದದ್ದರಿಂದ ಮಾವ ಬಿದಿರಿನ ಗಳ ಹಿಡಿದು ಇಳಿತದಲ್ಲಿ ಒಂದೊಂದೇ ಮಾರು ಅಳೆಯುತ್ತಾ ಹೊಸ ದಾರಿ ಹುಡುಕಿದರು. ಬಾಗಿಲಿನಲ್ಲಿ ದೋಣಿ ದಿಬ್ಬಕ್ಕೆ ತಗುಲಿ ಅಡ್ಡವಾದರೆ ಹಿಂದಿನಿಂದ ಬರುವ ಅಲೆ ಅದನ್ನು ಮಗುಚುತ್ತದೆ.

ಕಾಂಡ್ಲವೂ ಅದೇ ಬಗೆಯ ಉಪ್ಪಟ್ಟಿ ಗಿಡವೂ ದಟ್ಟವಾಗಿದ್ದ ಕಡೆ ದಡ ಬಹುಪಾಲು ಹಾಗೇ ಉಳಿದಿತ್ತು, ಗಿಡ ಕಡಿದು ಬಯಲು ಮಾಡಿದ್ದ ಕಡೆ ಮಣ್ಣು ಜರಿದಿತ್ತು. ಸಿಗಡಿ, ಏಡಿಗಳ ಮರಿಗಳು ಬೆಳೆಯುವುದು ಇವೇ ಬೇರುಗಳ ನಡುವೆ. ದೋಣಿಯನ್ನು ನೀರಿಗಿಳಿಸಲು ಅಡ್ಡಿಯೆಂದು ನಮ್ಮ ಬಿಡಾರದ ಮುಂದಿನ ಗಿಡಗಳನ್ನು ಕೆಲವು ವರ್ಷಗಳ ಹಿಂದೆ ಕಡಿದವರಲ್ಲಿ ನಾವೂ ಇದ್ದೆವು ಎಂಬುದನ್ನು ಇಲ್ಲಿ ಹೇಳಲೇಬೇಕು. ಮಳೆಗಾಲ ಮುಗಿದ ಮೇಲೆ ಮಾವ ಬಿಡಾರವನ್ನು ಹಳೆಯ ಜಾಗದಲ್ಲಿ ಕಟ್ಟಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದಕ್ಕೆ, ಉಳಿದ ಕಾಂಡ್ಲಗಳ ಮರೆಯಲ್ಲಿ ಕಂಬ ನೆಟ್ಟು, ಮುಂದಿನ ಕೆಸರಿನಲ್ಲಿ ಕೋಲಿನಂತಹ ಕಾಂಡ್ಲದ ಮೊಳಕೆಕೋಡುಗಳನ್ನು ಸಾಲಾಗಿ ಊರಿದರು. ಅವುಗಳಲ್ಲಿ ಅರ್ಧದಷ್ಟು ಎಲೆ ಬಿಟ್ಟಿವೆ.