ಗಂಡಿನ ಕೆನ್ನೆಗೆ ಹೆಣ್ಣಿನ ನಕ್ಷೆ ಬೇಡ

ಮುಂಬಯಿಯ ಮುಲುಂಡಿನಲ್ಲಿ ಚರ್ಮದ ಡಾಕ್ಟರಾಗಿ ಕೆಲಸ ಮಾಡುವ ನನ್ನ ಹತ್ತಿರ ಈಗ ಮುಖಕ್ಕೆ ಚುಚ್ಚುವ ಫಿಲ್ಲರ್ ಕೇಳಿಕೊಂಡು ಗಂಡಸರೂ ಬರುತ್ತಾರೆ. ನಮ್ಮ ಊರ ಕಡೆಯವರೂ ಇರುತ್ತಾರೆ. ಘಾಟ್‌ಕೋಪರಿನ ಹೋಟೆಲಿನವರು, ಬ್ಯಾಂಕಿನವರು, ಅಂಧೇರಿಯಲ್ಲಿ ಆಡಿಷನ್ ಅಂತ ಓಡಾಡುವ ಹುಡುಗರು. ಬಂದವರು ಮೊಬೈಲ್ ತೆಗೆದು ಒಂದು ರೀಲ್ ತೋರಿಸುತ್ತಾರೆ. ಹೆಚ್ಚಿನ ಸಲ ಅದರಲ್ಲಿರುವುದು ಹೆಣ್ಣಿನ ಮುಖ. "ಮೇಡಂ, ಕೆನ್ನೆ ಹೀಗೇ ಎತ್ತಿಕೊಡಿ" ಅಂತಾರೆ. ನಾನು ಮಾತು ಅಲ್ಲೇ ನಿಲ್ಲಿಸುತ್ತೇನೆ.

ಫಿಲ್ಲರ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಬೋಟಾಕ್ಸ್ ಜೊತೆ ಇದನ್ನು ಸೇರಿಸಿ ಮಾತಾಡುವವರೇ ಜಾಸ್ತಿ. ಬೋಟಾಕ್ಸ್ ಸ್ನಾಯುವನ್ನು ಸಡಿಲ ಮಾಡುತ್ತದೆ. ಫಿಲ್ಲರ್ ಚರ್ಮದ ಕೆಳಗೆ ಜಾಗ ತುಂಬುತ್ತದೆ. ಈಗ ಹೆಚ್ಚಾಗಿ ಹಾಕುವುದು ಹಯಲುರಾನಿಕ್ ಆಸಿಡ್ ಜೆಲ್. ಈ ವಸ್ತು ನಮ್ಮ ಚರ್ಮದಲ್ಲೂ ಇದೆ, ನೀರು ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಅಮೆರಿಕದಲ್ಲಿ ಇಂಥ ಜೆಲ್‌ಗೆ ಮೊದಲ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ, ರೆಸ್ಟಿಲೇನ್ ಅನ್ನುವ ಬ್ರಾಂಡಿಗೆ. ಒಂದು ಸಿರಿಂಜಿನಲ್ಲಿ ಸಾಮಾನ್ಯವಾಗಿ 1 ಮಿ.ಲೀ. ಇರುತ್ತದೆ, ಅಂದರೆ ಟೀ ಚಮಚದ ಐದರಲ್ಲಿ ಒಂದು ಪಾಲು. ಅಷ್ಟೇ. ಅಷ್ಟರಲ್ಲೇ ಮುಖ ಬದಲಾಗುತ್ತದೆ, ಅದಕ್ಕೇ ಯಾವ ಜಾಗಕ್ಕೆ ಎಷ್ಟು ಅನ್ನುವುದು ಇಷ್ಟು ಮುಖ್ಯ.

ಕೆನ್ನೆಯನ್ನೇ ನೋಡಿ. ಹೆಂಗಸರ ಕೆನ್ನೆ ಎದ್ದು ಕಾಣುವ ಜಾಗ ಮೇಲಕ್ಕೆ, ಕಿವಿಯ ಕಡೆಗೆ ಸ್ವಲ್ಪ ಸರಿದು ಇರುತ್ತದೆ, ಗುಂಡಗೂ ಇರುತ್ತದೆ. ಗಂಡಸರಲ್ಲಿ ಅದು ಕೆಳಗೆ, ಮೂಗಿನ ಕಡೆಗೆ, ಚಪ್ಪಟೆ. ಚರ್ಮದ ಕೆಳಗಿನ ಕೊಬ್ಬೂ ಅಲ್ಲಿ ಕಡಿಮೆ. ಈಗ ಹೆಣ್ಣಿನ ಮುಖಕ್ಕೆ ಕಲಿತ ಬಿಂದುಗಳನ್ನೇ ಗಂಡಿನ ಮುಖದ ಮೇಲೆ ಗುರುತು ಹಾಕಿಕೊಂಡು ಸೂಜಿ ಚುಚ್ಚಿದರೆ ಏನಾಗುತ್ತದೆ? ಕೆನ್ನೆ ಮೇಲೆ ಉಬ್ಬುತ್ತದೆ, ನಕ್ಕಾಗ ಇನ್ನೂ ಉಬ್ಬುತ್ತದೆ, ಕಣ್ಣು ಚಿಕ್ಕದಾಗಿ ಕಾಣುತ್ತದೆ. ಏನೋ ಸರಿಯಿಲ್ಲ ಅಂತ ನೋಡಿದವರಿಗೆಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಬೇರೆ ಕಡೆ ಹೀಗೆ ಮಾಡಿಸಿಕೊಂಡ ಒಬ್ಬ ಹುಡುಗ ತಾಯಿಯ ಜೊತೆ ನನ್ನ ಹತ್ತಿರ ಬಂದಿದ್ದ. ಆ ತಾಯಿ ಹೇಳಿದ್ದು ಒಂದೇ ಮಾತು, "ನನ್ನ ಮಗನ ಮುಖ ನನಗೆ ವಾಪಸ್ ಬೇಕು." ಹಯಲುರಾನಿಡೇಸ್ ಅನ್ನುವ ಕಿಣ್ವ ಚುಚ್ಚಿದರೆ ಈ ಜೆಲ್ ಒಂದೆರಡು ದಿನದಲ್ಲಿ ಕರಗುತ್ತದೆ. ನಾನು ಹಾಗೇ ಕರಗಿಸಿದೆ. ಎಲ್ಲ ಫಿಲ್ಲರೂ ಹೀಗೆ ಕರಗುವುದಿಲ್ಲ. ಹಯಲುರಾನಿಕ್ ಆಸಿಡ್ ಅಲ್ಲದ ಜೆಲ್‌ಗೆ ಈ ಕಿಣ್ವ ಕೆಲಸ ಮಾಡುವುದಿಲ್ಲ. ಹಾಕಿಸುವ ಮೊದಲೇ ಯಾವುದು ಅಂತ ಕೇಳಿ, ದಯವಿಟ್ಟು ಕೇಳಿ.

ಗದ್ದ ಮತ್ತು ದವಡೆಯಲ್ಲೂ ಹೀಗೇ. ಹೆಣ್ಣಿನ ಗದ್ದ ಕಿರಿದು, ಕೆಳಗೆ ಹೋಗ್ತಾ ಸಣ್ಣಗಾಗುತ್ತದೆ. ಗಂಡಸಿನದು ಅಗಲ, ಚೌಕ, ಹೆಚ್ಚುಕಡಿಮೆ ಬಾಯಿಯಷ್ಟೇ ಅಗಲ ಅನ್ನಬಹುದು. ಹಾಗಾಗಿ ಹೆಣ್ಣಿಗೆ ಗದ್ದದ ನಡುವೆ ಹಾಕಿದರೆ ಸಾಕಾಗುವ ಕಡೆ ಗಂಡಿಗೆ ಎರಡೂ ಬದಿಗೆ ಹಾಕಬೇಕಾಗುತ್ತದೆ. ನಡುವೆ ಮಾತ್ರ ಹಾಕಿದರೆ ಚೂಪಾಗುತ್ತದೆ. ಮುಖ ದೊಡ್ಡದು, ಮೂಳೆ ದೊಡ್ಡದು, ಚರ್ಮ ದಪ್ಪ, ಅದಕ್ಕೆ ಜೆಲ್ ಕೂಡ ಜಾಸ್ತಿ ಬೇಕು. ಒಂದು ಸಿರಿಂಜಿಗೇ ಸಾವಿರಾರು ರೂಪಾಯಿ. ಅರ್ಧ ದುಡ್ಡಿನಲ್ಲಿ ಅರ್ಧ ಕೆಲಸ ಮಾಡಿಸಿಕೊಂಡು ಆಮೇಲೆ ಬೇಸರ ಪಡುವುದಕ್ಕಿಂತ ಒಟ್ಟು ಎಷ್ಟು ಬೇಕಾಗುತ್ತದೆ ಅಂತ ಮೊದಲೇ ತಿಳಿದುಕೊಂಡು, ಆಗಲ್ಲ ಅನಿಸಿದರೆ ಬಿಡುವುದೇ ಒಳ್ಳೆಯದು. ಬಿಟ್ಟರೆ ಏನೂ ಕೆಡುವುದಿಲ್ಲ.

ಹೆಂಗಸರ ವಿಷಯದಲ್ಲಿ ನನ್ನ ಸಂಕಟ ಬೇರೆ. ಅವರಿಗೆ ಬೇಡದ್ದನ್ನೂ ಮಾರುತ್ತಾರೆ. ಕಣ್ಣ ಕೆಳಗಿನ ಕಪ್ಪು ತೋರಿಸಲು ಬಂದವರಿಗೆ ತುಟಿಗೂ ಹಾಕೋಣ ಅನ್ನುತ್ತಾರೆ. ಎರಡು ಸಿರಿಂಜ್ ತಗೊಂಡರೆ ಮೂರನೆಯದು ಕಡಿಮೆಗೆ ಅನ್ನುತ್ತಾರೆ. ಇದು ಸೀರೆ ಅಂಗಡಿಯೇ? ಇನ್ನೊಂದು ಕಡೆ ಮನೆಯವರು, "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಅಂತ. ಆದರೆ ಆ ವಯಸ್ಸಿನಲ್ಲಿ ಆಗುವುದು ನಿಜವಾದ ಬದಲಾವಣೆ. ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಅನ್ನುವ ಪ್ರೋಟೀನ್ ಸುಮಾರು ಶೇಕಡಾ 30 ಹೋಗುತ್ತದೆ. ಗಂಡಸರಲ್ಲಿ ಅದು ನಿಧಾನವಾಗಿ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಮೇಲ್ತುಟಿಯ ಮೇಲಿನ ಸಣ್ಣ ಗೆರೆಗಳೂ ಹೆಂಗಸರಿಗೇ ಜಾಸ್ತಿ. ಗಂಡಸರಿಗೆ ಮೀಸೆಯ ಬೇರು, ಎಣ್ಣೆ ಗ್ರಂಥಿ, ರಕ್ತನಾಳ ಎಲ್ಲ ಅಲ್ಲಿ ದಟ್ಟವಾಗಿರುವುದರಿಂದ ಚರ್ಮಕ್ಕೆ ಒಳಗಿನಿಂದ ಆಸರೆ ಇರುತ್ತದೆ. ಆ ಗೆರೆಗೆ ಚೂರು ಮೆತ್ತನೆಯ ಜೆಲ್ ಹಾಕಿಸಿಕೊಂಡ ಐವತ್ತೈದರ ಹೆಂಗಸನ್ನು ಯಾರೂ ಆಡಿಕೊಳ್ಳಬಾರದು. ಗಂಡಸಿನ ತುಟಿಗೆ ಮಾತ್ರ ನಾನು ಬಹಳ ಹಿಂಜರಿಯುತ್ತೇನೆ. ಒಣಗಿ ಸೊರಗಿದ್ದರೆ ಚೂರು ಸರಿ, ಆಕಾರ ಬದಲಿಸುವುದು ಬೇಡ.

ಹೀಗಂತ ಗಂಡು ಹೀಗೇ, ಹೆಣ್ಣು ಹೀಗೇ ಇರಬೇಕು ಅಂತ ಅಲ್ಲ. ಗಟ್ಟಿ ದವಡೆ ಇಷ್ಟ ಅನ್ನುವ ಹೆಂಗಸರಿದ್ದಾರೆ. ಹೆಣ್ಣಾಗಿ ಬಾಳುತ್ತಿರುವ ಟ್ರಾನ್ಸ್ ಹೆಣ್ಣುಮಕ್ಕಳು ಬರುತ್ತಾರೆ, ಅವರಿಗೆ ಕೆನ್ನೆ ಮೇಲೆ ಎತ್ತುವ ಆ ನಕ್ಷೆಯೇ ಬೇಕು. ಅದನ್ನು ಎದುರು ಕೂತವರು ಹೇಳಬೇಕು. ಡಾಕ್ಟರ ಕೈ ಅಭ್ಯಾಸಬಲದಿಂದ ತೀರ್ಮಾನ ಮಾಡಬಾರದು.

ಅಪಾಯದ ಮಾತು ಬಿಡುವಂತಿಲ್ಲ. ಗಂಡಸರ ಮುಖದಲ್ಲಿ, ಅದರಲ್ಲೂ ಗಡ್ಡದ ಜಾಗದಲ್ಲಿ, ರಕ್ತನಾಳ ಜಾಸ್ತಿ. ಹಾಗಾಗಿ ನೀಲಿಗಟ್ಟುವುದೂ ಜಾಸ್ತಿ. ದವಡೆಯ ಅಂಚಿನಲ್ಲಿ, ಹಲ್ಲು ಕಚ್ಚಿದಾಗ ಗಟ್ಟಿಯಾಗುವ ಸ್ನಾಯುವಿನ ಮುಂದೆಯೇ ಮುಖದ ದೊಡ್ಡ ರಕ್ತನಾಳ ಮೇಲೇರುತ್ತದೆ. ಜೆಲ್ ಅಪ್ಪಿತಪ್ಪಿ ರಕ್ತನಾಳದೊಳಗೆ ಹೋದರೆ ಅಲ್ಲಿನ ಚರ್ಮ ಸಾಯಬಹುದು. ಹುಬ್ಬಿನ ನಡುವೆ ಮತ್ತು ಮೂಗಿನಲ್ಲಿ ಭಯ ಇನ್ನೂ ಹೆಚ್ಚು, ಅಲ್ಲಿಂದ ಕಣ್ಣಿಗೆ ಹೋಗುವ ನಾಳಗಳಿಗೆ ದಾರಿ ಇದೆ. ಅಪರೂಪ, ಆದರೆ ದೃಷ್ಟಿ ಹೋದ ಘಟನೆಗಳಿವೆ. ಚರ್ಮ ಬೆಳ್ಳಗಾಗುವುದು, ಬಲೆಯಂತೆ ನೇರಳೆ ಗೆರೆ ಮೂಡುವುದು, ತಡೆಯಲಾಗದ ನೋವು, ಕಣ್ಣು ಮಂಜಾಗುವುದು, ಇದರಲ್ಲಿ ಒಂದು ಕಂಡರೂ ಬೆಳಿಗ್ಗೆ ನೋಡೋಣ ಅನ್ನಬೇಡಿ, ಆಗಲೇ ಹೋಗಿ. ದಟ್ಟ ಗಡ್ಡ ಇದ್ದರೆ ಬಣ್ಣ ಬದಲಾದದ್ದು ಕಾಣಿಸದೇ ಹೋಗಬಹುದು, ಅದಕ್ಕೇ ನಾನು ಗಡ್ಡ ಟ್ರಿಮ್ ಮಾಡಿಸಿಕೊಂಡು ಬನ್ನಿ ಅನ್ನುವುದು. ಹುಡುಗರಿಗೆ ಅದೇ ದೊಡ್ಡ ಬೇಜಾರು. ಇರಲಿ.

ಗಂಡಸರು ಇನ್ನೊಂದು ಮಾಡುತ್ತಾರೆ, ಮನೆಯಲ್ಲಿ ಯಾರಿಗೂ ಹೇಳದೆ ಬರುತ್ತಾರೆ. ಮುಚ್ಚಿಡುವುದು ಅವರಿಷ್ಟ. ಆದರೆ ನಮ್ಮ ಹತ್ತಿರ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದೀರಾ, ಮುಂಚೆ ಎಲ್ಲಾದರೂ ಏನಾದರೂ ಹಾಕಿಸಿದ್ದೀರಾ, ತುಟಿಯಲ್ಲಿ ಆಗಾಗ ಸರ್ಪಸುತ್ತಿನ ತರದ ಗುಳ್ಳೆ ಬರುತ್ತಾ, ಎಲ್ಲ ಹೇಳಿ. ಹೃದಯದ ಮಾತ್ರೆಯನ್ನು ಫಿಲ್ಲರಿಗಾಗಿ ನೀವಾಗಿಯೇ ನಿಲ್ಲಿಸಬೇಡಿ.

ಮದುವೆ ಗೊತ್ತಾದವರು ಒಂದು ತಿಂಗಳಾದರೂ ಮೊದಲು ಬನ್ನಿ. ಊತ ಒಂದೆರಡು ದಿನ ಜೋರಾಗಿಯೇ ಇರುತ್ತದೆ, ಜೆಲ್ ಪೂರ್ತಿ ಕೂರಲು ಎರಡು ವಾರ ಬೇಕು. ಅರಿಶಿನದ ಹಿಂದಿನ ದಿನ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಎಲ್ಲೇ ಮಾಡಿಸಿ, ಚರ್ಮ ವೈದ್ಯರೋ ಪ್ಲಾಸ್ಟಿಕ್ ಸರ್ಜನ್ನೋ ಅಂತ ನೋಡಿ, ಹಯಲುರಾನಿಡೇಸ್ ಅಲ್ಲೇ ಇದೆಯಾ ಕೇಳಿ. ಸಿರಿಂಜಿನ ಡಬ್ಬ ನಿಮ್ಮ ಎದುರೇ ಒಡೆಯಲಿ. ಒಳಗೆ ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ, ಒಂದನ್ನು ನಿಮ್ಮ ಫೈಲಿಗೆ ಅಂಟಿಸಿ ಕೊಡಲು ಹೇಳಿ.